ಕೇಳಿಸುವುದಿಲ್ಲ

ಗಂಟೆ ಟೇಪಿಗೆ ಇನ್ನೂರು ರೂಪಾಯಿ.
ಅಂಬುಜಾಕ್ಷಿ ಮೇಡಂ ಊರೂರಿನ ಸಭೆಗಳನ್ನು ಹಿಡಿದು ತರುತ್ತಿದ್ದರು,
ನಾನು ಸರಸ್ವತಿಪುರಂ ರೂಮಿನಲ್ಲಿ ಕೂತು
ಕಿವಿಯಿಂದ ಇಳಿಸಿ ಕಾಗದಕ್ಕೆ ಹಾಕುತ್ತಿದ್ದೆ.
ಕೆಮ್ಮಿದರೆ ಕೆಮ್ಮು, ಕುರ್ಚಿ ಎಳೆದರೆ ಕುರ್ಚಿ,
ಸುಮ್ಮನಿದ್ದರೆ ಎಷ್ಟು ಸೆಕೆಂಡು ಎಂದು.

ಊರು ಮದ್ದೂರಿನಾಚೆ, ಬಿಳಿಗೆರೆ ಕೊಪ್ಪಲು.
ವಿಷಯ: ಕಸ ಎಲ್ಲಿ ಸುರಿಯಬೇಕು.
ಅಧ್ಯಕ್ಷರು ಇಪ್ಪತ್ತು ನಿಮಿಷ ಮಾತಾಡಿದರು, ಬೆಲ್ಲದ ಪಾಕದಂಥ ಮಾತು.
'ನಾವು' ಎಂದರು. 'ನಾವೆಲ್ಲ' ಎಂದರು.
ಎಣಿಸಿದೆ, ಎಣಿಸುವುದೂ ಕೆಲಸವೇ: ನಲವತ್ತೊಂದು ಸಲ.
ಮೇಡಂ ಅಂಚಿನಲ್ಲಿ ಪೆನ್ಸಿಲಿನಲ್ಲಿ ಕೇಳಿದ್ದರು:
ಈ ನಾವಿನ ಬೇಲಿ ಎಲ್ಲಿಗೆ ಮುಗಿಯುತ್ತದೆ?
ನಾನು ಬೇಲಿ ಹುಡುಕಲು ಹೋಗಲಿಲ್ಲ.
ಬಾಡಿಗೆ ಕಟ್ಟಬೇಕಿತ್ತು.

ಐವತ್ತೆರಡನೇ ನಿಮಿಷಕ್ಕೆ ಕರೆಂಟು ಹೋಯಿತು,
ಮೈಕು ಸತ್ತಿತು, ಅಷ್ಟರಲ್ಲೇ ಯಾರೋ ಎದ್ದರು.
ಹೆಂಗಸು. ಹಿಂದೆ, ಕಂಬದ ಹತ್ತಿರ.
"ಕುತ್ಕಳಮ್ಮೋ, ಕರೆಂಟ್ ಬರ್ಲಿ" ಎಂದ ಒಬ್ಬ.
ಆಮೇಲೆ ಕಬ್ಬಿನ ಲಾರಿ, ಮಗುವಿನ ಅಳು,
ನಡುನಡುವೆ ಕಾದ ಬಾಣಲೆಗೆ ನೀರು ಸಿಡಿದ ಹಾಗೆ
ಒಂದು ದನಿ.
ನಾಲ್ಕು ನಿಮಿಷ. ಏಳು ಸಲ ಹಿಂದಕ್ಕೆ ತಿರುಗಿಸಿದೆ.
ಬರೆದೆ: (ಕೇಳಿಸುವುದಿಲ್ಲ).

ಮೇಡಂ ಓದಿ, ಕನ್ನಡಕ ತೆಗೆದು,
"ಯಾರಿಗೆ?" ಎಂದರು.
"ಕ್ರಿಯಾಪದ ಇದೆಯಲ್ಲ,
ಯಾರದಾದರೂ ಒಂದು ಕಿವಿಯೂ ಇರಬೇಕಲ್ಲ."

ಮರುದಿನ ಕೆಂಪು ಬಸ್ಸು, ನನ್ನನ್ನೂ ಎಳೆದುಕೊಂಡು.
ಪಂಚಾಯ್ತಿಯ ಪುಸ್ತಕದಲ್ಲಿ
'ಸರ್ವಾನುಮತದಿಂದ' ಎಂದಿತ್ತು, ದುಂಡಗೆ, ಮುದ್ದಾಗಿ.
ಕೆಂಪಾಜಮ್ಮ ಸೊಪ್ಪು ಬಿಡಿಸುತ್ತಿದ್ದರು.
ಕೇರಿಯಲ್ಲಿ ಅವರದೇ ಕಡೆ ಮನೆ. ಅದರಾಚೆ ಕಟ್ಟೆ,
ಕಟ್ಟೆಯ ಪಕ್ಕ ಆಗಲೇ ಹೊಸ ಮುಳ್ಳುತಂತಿ.

"ಅವತ್ತು ಏನಂದ್ರಿ ಅಮ್ಮ?"
"ಅವತ್ತಿಂದು ಅವತ್ತಿಗೆ. ಇನ್ನೊಂದ್ಸಲ ಯಾಕೇಳ್ಲಿ?
ನಿಮ್ ಮಿಶಿನ್ ಐತಲ್ಲ, ಅದ್ನೇ ಕೇಳಿ."
ಮೇಡಂ ಟೇಪು ಹಚ್ಚಿದರು.
ಲಾರಿ. ಮಗು. ಗರಗರ.
ನಾನು ನೆಲ ನೋಡಿದೆ.
ಕೆಂಪಾಜಮ್ಮ ಮೊರ ಸರಿಸಿ, ಬಗ್ಗಿ, ಕಿವಿ ತಂದರು.
"ನಂಗ್ ಕೇಳುಸ್ತದೆ ಕನವ್ವ."

ಆ ಗರಗರದ ಜತೆಜತೆಗೇ,
ಲಾರಿ ಬಂದಲ್ಲಿ ನಿಂತು, ಲಾರಿ ಹೋದ ಮೇಲೆ ಎತ್ತಿಕೊಂಡು,
ನಾಲ್ಕು ನಿಮಿಷವನ್ನೂ ಹೇಳಿದರು.
ಕಟ್ಟೆಯ ನೀರು, ದನ, ಅವರ ಮಾವ ಗುದ್ದಲಿ ಹಿಡಿದದ್ದು.
ಒಂದು ಸಲವೂ 'ನಾವು' ಇಲ್ಲ.
'ನೀನು' ಇತ್ತು, ಒಬ್ಬೊಬ್ಬರ ಹೆಸರು ಹಿಡಿದು:
"ನೀನು ಚಿಕ್ಕಲಿಂಗ, ನಿಮ್ಮವ್ವ ಇಲ್ಲೇ ಬಟ್ಟೆ ಒಗ್ದೋಳು.
ನೀನು ಜವರ, ಈಜು ಕಲ್ತಿದ್ದು ಯಾವ್ ನೀರ್ನಲ್ಲಿ?"

ಮೇಡಂ ಬರೆದುಕೊಳ್ಳಲಿಲ್ಲ.
ಮುಗಿದ ಮೇಲೂ ಸ್ವಲ್ಪ ಹೊತ್ತು
ಟೇಪು ಸುಮ್ಮನೆ ಓಡುತ್ತಿತ್ತು.

ರೂಮಿಗೆ ಬಂದು ಆ ಪುಟ ತೆಗೆದೆ.
ಆವರಣದೊಳಗೆ ಒಂದು ಪದ ಸೇರಿಸಿ, ಕಾಲ ಬದಲಿಸಿದೆ:
(ನನಗೆ ಕೇಳಿಸಲಿಲ್ಲ).

ತಿಂಗಳ ಲೆಕ್ಕದಲ್ಲಿ ಮೇಡಂ ಆ ನಾಲ್ಕು ನಿಮಿಷವನ್ನೂ ಸೇರಿಸಿದ್ದರು,
ಹದಿಮೂರು ರೂಪಾಯಿ ಚಿಲ್ಲರೆ.
ಬೇಡ ಅನ್ನಬೇಕಿತ್ತು.
ಅನ್ನಲಿಲ್ಲ.