ಕತ್ತಲಾಗಲಿ ತಡಿ

ಸೆಲ್ಫ್ ಹೊಡದ್ರ ತಿರಗತೈತಿ, ಹತ್ತವಲ್ದು
ಅಂತ ಮುಳಗುಂದ ನಾಕಾದ ತನಕ
ಎಂಟು ಮಂದಿ ಕಡೆ ನೂಕಿಸಿಕೊಂಡು ಬಂದ್ರು
ಅನಸೂಯಾಬಾಯಿ ಕಬಾಡಿ, ತಮ್ಮ ಪದ್ಮಿನಿ.
ನೂಕಿದವರಾಗ ಐದು ಮಂದಿ
ಅದರಾಗs ಡ್ರೈವಿಂಗ್ ಕಲತವರು.

ಎಂಬತ್ತೇಳರ ಗಾಡಿ. ಎರಡು ಕ್ಲಚ್ಚು, ಎರಡು ಬ್ರೇಕು.
ಬಲಕ್ಕ ಕೂತವ ತಪ್ಪು ತುಳಿದ್ರ
ಎಡಕ್ಕ ಬಾಯಿಯವ್ರು ಸರಿ ತುಳೀತಾರ.
ಬೆಟಗೇರಿ ಗೇಟಿನ್ಯಾಗ ಅದು ಬಂದ್ ಬಿದ್ದಷ್ಟು ಸಲ
ನಾ ನಮಾಜಿಗೆ ಬಗ್ಗಿಲ್ಲ, ಖರೇ ಹೇಳತೀನಿ.
ಆದ್ರ ಬಿದ್ದಾಗೊಮ್ಮೆ ಎದ್ದೈತಿ.

ಪ್ಲಗ್ ಬಿಚ್ಚಿ ಮೂಸಿದೆ. ಹಸಿ. ಪೆಟ್ರೋಲ್ ಬಂದೈತಿ.
ಹಿಟ್ಟೈತಿ, ಹಂಚೈತಿ,
ಒಲಿ ಹತ್ತವಲ್ದು.

ಕಾಯಿಲಿನ ದಪ್ಪ ವಾಯರ್ ಕಿತ್ತು
ಇಂಜಿನ್ನಿಗೆ ಜ್ವಾಳದ ಕಾಳಷ್ಟು ದೂರ ಹಿಡಿದೆ.
ಹೊಡಿ, ಕಳಕ್ಯಾ.
ಹೊಡದ. ಗರ್‌ರ್ ಗರ್‌ರ್ ಅಂತು.
ಕಿಡಿ ಕಾಣಲಿಲ್ಲ.

ಇಲ್ಲೊಂದು ಮಾತು, ಗ್ಯಾರೇಜಿನ್ಯಾಗ ಯಾರಿಗೂ ಅಂದಿಲ್ಲ.
ಕಿಡಿ ಇರಲಿಲ್ಲೋ, ನನಗ ಕಾಣಲಿಲ್ಲೋ,
ಅದು ನನಗ ಗೊತ್ತಿಲ್ಲ.
ರಮಜಾನದಿಂದ ಈಚೆ ಕಣ್ಣ ಮುಂದ
ಹಾಲಿನ ಕೆನಿ ಕಟ್ಟೈತಿ.
ಹತ್ತರ ಪಾನಾ ಅಂತ ಹನ್ನೊಂದರದು ತಗೋತೀನಿ,
ಬೋಲ್ಟು ಜಾರಿದಾಗ ಗೊತ್ತಾಗತೈತಿ.

ಟೆಸ್ಟ್ ಲ್ಯಾಂಪ್ ಹಚ್ಚಿದೆ. ಕಾಯಿಲಿಗೆ ಕರೆಂಟೈತಿ;
ಬಲ್ಬು ದೊಡ್ಡದು, ನನಗೂ ಕಂಡಿತು.
ಆಚೀ ತುದಿಗೆ ಹಿಡದ್ರ, ಇಂಜಿನ್ ತಿರಗಿದಂಗ
ಮಿಣಕ್ ಮಿಣಕ್ ಅನಬೇಕು.
ಅನ್ನಲಿಲ್ಲ. ಹತ್ತಿದ್ದು ಹತ್ತೇ ನಿಂತಿತು
ರೆಪ್ಪಿ ಬಡೀದ ಕಣ್ಣಿನಂಗ.

ಡಿಸ್ಟ್ರಿಬ್ಯೂಟರ್ ಟೋಪಿ ತಗದೆ. ಪಾಯಿಂಟ್ ಉಜ್ಜಿದೆ.
ಗ್ಯಾಪ್ ಹಿಡಿಯಾಕ ಕಿಸೆದಾಗಿನ ಕಾರ್ಡ್ ತೂರಿಸಿದೆ,
ಕಣ್ಣಿನ ಕ್ಯಾಂಪಿನವರು ಕೊಟ್ಟದ್ದು, ಮೂರು ತಿಂಗಳಾತು,
ಇವತ್ತೊಂದು ಕೆಲಸಕ್ಕ ಬಂತು.
ಕಂಡೆನ್ಸರ್ ಬದಲಿ ಮಾಡಿದೆ.
ಬಲ್ಬು ಹಂಗs ಪಿಳಿಪಿಳಿ ಅನ್ನದ ನಿಂತೈತಿ.

ಏಳೂವರಿಗೆ ಓಣಿ ತುಂಬ ಕರೆಂಟ್ ಹೋತು.
ಬ್ಯಾಟರಿ ಹಚ್ಚಲೇನ್ ಕಾಕಾ?
ಬ್ಯಾಡ. ಕತ್ತಲಾಗಲಿ ತಡಿ.
ಕಿಡಿ ನೋಡಾಕ ಕತ್ತಲs ಬೇಕು.
ಹಂಗಂದೆ, ಆದ್ರ ಕತ್ತಲದಾಗ
ಅವನ ಕಣ್ಣೂ ನನ್ನ ಕಣ್ಣೂ ಒಂದs ರೇಟು,
ಅದಕ್ಕಂದೆ.

ಬೆರಳಿಲೆ ತಡವಿದೆ.
ಪಾಯಿಂಟಿಗೆ ಹೋಗೋ ವಾಯರು, ಗೇಣೂ ಇಲ್ಲ.
ಮ್ಯಾಲ ರಬ್ಬರ್ ನುಣ್ಣಗ, ಎಲ್ಲೂ ಸೀಳಿಲ್ಲ.
ಸಣ್ಣಗ ಜಗ್ಗಿದೆ.
ಜಗ್ಗಿತು.

ತಾಮ್ರ ನೆಟ್ಟಗಿದ್ದ ವಾಯರು ಜಗ್ಗೂದಿಲ್ಲ ಕಳಕ್ಯಾ,
ಒಳಗ ಹರದದ್ದು ಅಷ್ಟs ಹಿಂಗ ಬಗ್ಗಿ ಮಾತಾಡತೈತಿ.
ಹೊರಗ ನೋಡಿದ್ರ ನಾಕು ವರ್ಷ ಸಿಗತಿರಲಿಲ್ಲ.

ಮೋಡಕಾ ಸ್ಕೂಟರಿಂದೊಂದು ವಾಯರ್ ಕೊಯ್ದು
ಹಲ್ಲಿಲೆ ಸುಲದು ಕಟ್ಟಿದೆ.
ನೀ ಇಳಿ. ಈ ಸಲ ನೀ ನೋಡು.
ಎಡಗಡೆ ಸೀಟಿಂದs ಕೈ ಚಾಚಿ
ಬಾಯಿಯವ್ರು ಚಾವಿ ತಿರುವಿದ್ರು,
ಅವರು ಬಲಕ್ಕ ಕೂತದ್ದು ನಾ ಕಂಡಿಲ್ಲ.

ಚಟ್. ಚಟ್. ಚಟ್.

ಯಾವ ಬಣ್ಣ?
ನೀಲಿ, ಕಾಕಾ. ನಿಮಗ ಕಾಣಲಿಲ್ಲೇನು?
ಕೇಳಿಸ್ತು, ಅಂದೆ.

ವಾಯರ್ ಚುಚ್ಚಿದ್ವಿ. ಅರ್ಧ ಸುತ್ತಿಗೆ ಹತ್ತಿತು.
ಬಾನೆಟ್ ನಡಗಿ ಪಾನಾ ಕೆಳಗ ಬಿತ್ತು,
ನಾಯಿ ಎದ್ದು ಅತ್ಲಾಗ ಹೋತು.
ರೊಕ್ಕ ಎಷ್ಟು, ಲಾಡಸಾಬ?
ವಾಯರಿಂದು ಇಪ್ಪತ್ತು ರೂಪಾಯಿ ಹಿಡೀರಿ.
ಹುಡುಕಿದ್ದಕ್ಕ?
ಅದರ ರೇಟ್ ನಾ ಯಾವತ್ತೂ ಬರದಿಲ್ಲ.

ಹೆಡ್‌ಲೈಟ್ ಹಾಕಿದ್ರು. ಇಳದು ಬಂದು
ಚಕ್ರದ ಕಡೆ ಬಿದ್ದಿದ್ದ ಕಾರ್ಡ್ ಎತ್ತಿದ್ರು.
ಗ್ರೀಸ್ ಹತ್ತಿತ್ತು. ಬೆಳಕಿಗೆ ಹಿಡದು ಓದಿದ್ರು,
ಎರಡೂ ಕಡೆ ಓದಿದ್ರು,
ಮಡಚಿ ನನ್ನ ಕಿಸೆದಾಗ ಇಟ್ರು.

ಸೋಮವಾರ ಗಾಡಿ ಹುಬ್ಬಳ್ಳಿ ತನಕ ಓಡಿಸಿ ನೋಡಬೇಕು, ಅಂದ್ರು.
ಹಾದಿಯೊಳಗ ನಿಂತ್ರ ಮಿಸ್ತ್ರಿ ಬೇಕಲ್ಲ.
ನಾನs ಹೊಡೀತೀನಿ.
ನೀವು ಎಡಕ್ಕ ಕೂಡ್ರಿ, ಲಾಡಸಾಬ,
ಬ್ರೇಕ್ ನಿಮ್ಮ ಕಾಲಾಗ ಇರಲಿ.