ಕುಂತ ಏಳು ಮಂದಿ

ಮೂರು ಸಲ ಸೀಟಿ ಊದಿದ ರೆಫರಿ.
ಏಳೂ ಮಂದಿ ಮ್ಯಾಟಿನ ನಡುಗೆರಿಗೆ ಬಂದು
ಪಂಕ್ತಿಗೆ ಕುಂತಂಗ ಕುಂತ್ರು,
ಎಲಿ ಹಾಕೂ ಮುಂಚೆ, ಕೈ ಕಟ್ಟಿ.
ಎದುರಿನ ಟೀಮು ಬೆನ್ನು ತಿರುವಿ ನೀರು ಕುಡೀತು.

ಬನಹಟ್ಟಿ ಬಯಲಿನಾಗ ಆ ರಾತ್ರಿ
ನಾಕು ಸಾವಿರ ಮಂದಿ, ಎಂಟು ಕಂಬದ ದೀಪ,
ದೀಪದ ತುಂಬ ಹುಳ.
ಕಬಡ್ಡಿ ಅನ್ನೂ ಸೊಲ್ಲು ಒಂದೂ ಬಾಯಾಗಿಲ್ಲ.

ತಾಂತ್ರಿಕ ಕಾರಣ, ಅಂದ ಮೈಕಿನವ.
ತಾಂತ್ರಿಕ ಅಲ್ಲೋ ಮಾರಾಯಾ, ಮೂರು ತಿಂಗಳ ಪಗಾರ,
ಅಂತ ಹಿಂದಿನಿಂದ ಯಾರೋ ಒದರಿದ್ರು.

ನಾ ಬ್ಯಾರೇನ ಒದರಿದೆ.
ಒಂದು ಸೀರಿ ನೇಯೂದು ಬಿಟ್ಟು ಬಂದಾವ ನಾ,
ನೂರಾ ಇಪ್ಪತ್ತು ಕೊಟ್ಟು ತಿಕೀಟು ತಗದಾವ.
ಏಳ್ರೋ, ಉಂಡ ಮನಿಗೆ ಎರಡು ಬಗೀಬ್ಯಾಡ್ರಿ!
ಏಳನೇ ನಂಬರಿನ ಲಗಮಣ್ಣ ತಲಿ ಎತ್ತಿ
ನನ್ನ ಕಡೆ ನೋಡಿದ,
ಇಲ್ಲಾ, ನನ್ನ ಹಿಂದಿನ ದೀಪದ ಕಡೆ.

ಆಟ ರದ್ದಾತು. ಮಂದಿ ಮನಿಗೆ ಹೋಗಲಿಲ್ಲ.
ಗಿರಮಿಟ್ಟಿನ ಗಾಡಿ ಸುತ್ತ ಕೋರ್ಟು ಕೂಡಿತು.

ದುಂಡಪ್ಪ ಅಂದ, ಆಡೂದಕ್ಕ ಪಗಾರ ಅಂದ್ರ
ಉಣ್ಣೂದಕ್ಕ ಕೂಲಿ ಕೇಳಿದಂಗ.
ನಮ್ಮ ಕಾಲಕ್ಕ ಗೆದ್ರ ಒಂದು ತೆಂಗಿನಕಾಯಿ, ಒಂದು ಟಾವೆಲ್ಲು,
ಸೋತ್ರ ಅದೂ ಇಲ್ಲ.

ಹಾಜಿಸಾಬ, ಕುಸ್ತಿ ಕಣದಾಗ ಕಾಲು ಮುರಕೊಂಡಾವ,
ಮೆಣಸಿನಕಾಯಿ ತೊಟ್ಟು ಉಗುಳಿದ.
ಆ ತೆಂಗಿನಕಾಯಿ ನಾನೂ ತಂದೀನಿ.
ಮೊಣಕಾಲಿಗೆ ಕಟ್ಟಿ ನೋಡು, ಎಲುಬು ಕೂಡತೈತೇನು?

ಮಾಲಕರದೇನು ತಪ್ಪು, ಅಂದ ಸೊಸೈಟಿ ಕ್ಲರ್ಕ್ ಈರಯ್ಯ,
ಸಕ್ಕರಿ ಫ್ಯಾಕ್ಟರಿ ಲುಕ್ಸಾನದಾಗಿದ್ರೂ
ಕಂಬಕ್ಕ ದೀಪ ಹಾಕಿಸಿದ್ರು, ಅಂಗಿ ಹೊಲಿಸಿದ್ರು.
ಅಂಗಿಮ್ಯಾಲ ಅವರ ಹೆಸರ ದೊಡ್ಡದೈತಲ್ಲ,
ಅಂದ ಒಬ್ಬ ಹುಡುಗ. ಅವನ ಬರಿ ಬೆನ್ನಮ್ಯಾಲ
ಸುಣ್ಣದಾಗ ಬರದ ಏಳು
ಬೆವರಿಗೆ ಅರ್ಧ ಇಳದಿತ್ತು.

ಕಾಶವ್ವ ಮಾತ್ರ ಯಾರ ಕಡೇನೂ ಇಲ್ಲ.
ಹುರದ ಶೇಂಗಾ ಹನ್ನೆರಡು ಸೇರು ಉಳದೈತಿ.
ಅವರ ಜಗಳ ಅವರು ಹರಕೊಳ್ಳಲಿ,
ನನ್ನ ಶೇಂಗಾ ಮೆತ್ತಗಾಗೂದರೊಳಗ.

ನಾ ಎಲ್ಲಾರಕಿಂತ ಜೋರು ಮಾತಾಡಿದೆ.
ಏನಂದೆ ಅಂತ ನೆನಪಿರೂದು ಒಂದ:
ಅವರ ಕತಿ ನಮಗ್ಯಾಕ? ನಮಗ ಆಟ ಬೇಕು.

ಹೊಳ್ಳಿ ಬರೂ ದಾರಿಯಾಗ ಮಗ್ಗದ ಓಣಿ.
ಕರೆಂಟ್ ಹೋಗಿ ಲಾಳಿ ಎಲ್ಲಾ ಮಲಗಿದ್ದ ಹೊತ್ತು.
ಆ ಮಾತು ಎಲ್ಲೋ ಕೇಳಿದ್ದು ಅನಸ್ತು.
ಕೇಳಿದ್ದು ಹೌದು.
ಸೀರಿಗೆ ಹತ್ತು ರೂಪಾಯಿ ಏರಸ್ರಿ ಅಂತ ನಾವು
ಹದಿನೆಂಟು ದಿನ ಮಗ್ಗ ಬಂದ್ ಮಾಡಿದಾಗ
ಜವಳಿಗೆ ಬಂದಾಕಿ ಒಬ್ಬಾಕಿ, ಅಂಗಡಿ ಕಟ್ಟಿಮ್ಯಾಲ ನಿಂತು,
ನಿಮ್ಮ ಕತಿ ನಮಗ್ಯಾಕಪಾ, ನಮಗ ಸೀರಿ ಬೇಕು, ಅಂದಿದ್ಲು.
ಕೆಟ್ಟಾಕಿ ಅಲ್ಲ. ಮಗಳ ಮದವಿ ನಾಕು ದಿನ ಇತ್ತು.
ಹತ್ತೊಂಬತ್ತನೇ ದಿನ
ನಾಕು ರೂಪಾಯಿಗೆ ಎದ್ವಿ ನಾವು.
ಮೊದಲು ಉಸಿರು ಬಿಟ್ಟವರು ಯಾರು ಅಂತ
ಇವತ್ತಿಗೂ ಓಣಿಯಾಗ ಜಗಳೈತಿ.

ಲಾಳಿ ಅಂದ್ರ ರೇಡರ್ ಇದ್ದಂಗ,
ಆ ಕಡೆ ಮುಟ್ಟಿ ಈ ಕಡೆ ಬರಬೇಕು, ನಿಂತ್ರ ಔಟು,
ಅಂತ ಹುಡುಗರನ್ನ ನಗಸಾಕ ನಾನ ಹೇಳತಿದ್ದೆ.
ರೇಡರ್ ನಡುಗೆರಿಮ್ಯಾಲ ಕುಂತ್ರ ಏನಂತಾರೋ
ಗೊತ್ತಿಲ್ಲ.

ಮರುದಿನ ಮುಂಜಾನೆ ನಮ್ಮ ಸಾವಕಾರ ಕೇಳಿದ,
ನಿನ್ನೆ ಎಲ್ಲಿ ಹೋಗಿದ್ದಿ?
ಆಟಕ್ಕ.
ನಾನೂ ಬಂದಿದ್ದೆ, ಮುಂದಿನ ಕುರ್ಚಿಗೆ.
ನಿನ್ನ ದನಿ ಕೇಳಸ್ತು. ಚಲೋ ಅಂದಿ.
ಬೆನ್ನು ತಟ್ಟಿದ.
ನನ್ನ ಬಾಕಿ ಪುಸ್ತಕ ಅವನ ಬಗಲಾಗಿತ್ತು.

ಕಡದ ಎಳಿ ಹುಡುಕಿ ಗಂಟು ಹಾಕಿದೆ.
ಐತವಾರ ಆಟ ಐತಂತ, ಇಲ್ಲಂತ.
ಅರ್ಧ ಹರದ ತಿಕೀಟು ಇನ್ನೂ ಕಿಸೆದಾಗೈತಿ.
ರೊಕ್ಕ ವಾಪಸ್ ಕೇಳಬೇಕು,
ಯಾರನ್ನ ಅಂತ