ಅಜ್ಜಿಯ ಬಾಗಿಲು

ಇಪ್ಪತ್ತಮೂರು ಜನ ಬರುತ್ತಾರೆ, ಅಂದಳು ಅಮ್ಮ,
ಗುರಾಮ್ ಮಾವನ ನಾದಿನಿಯೂ ಬಂದರೆ ಇಪ್ಪತ್ತನಾಲ್ಕು.
ನಮ್ಮ ಮೇಜಿಗೆ ಹಿಡಿಸುವುದು ಎಂಟು ಜನ,
ಒಬ್ಬರಿಗೊಬ್ಬರು ಆಗಿಬರುವವರಾದರೆ ಹತ್ತು.

ಕುತೈಸಿಯಲ್ಲಿ ಮೂರನೇ ಮಹಡಿ. ಕೆಳಗೆ ರಿಯೋನಿ
ತನ್ನ ಬಿಳಿಗಲ್ಲುಗಳ ಜೊತೆ ಜಗಳವಾಡಿಕೊಂಡಿದೆ.
ಮೇಲೆ ಬೆಳಗಿನಿಂದ ಅಕ್ರೋಟ ಒಡೆಯುವ ಸದ್ದು:
ಅಪ್ಪ ಬಾಗಿಲ ಸಂದಿಯಲ್ಲಿಟ್ಟು ಒತ್ತಿ ಒಡೆಯುತ್ತಾನೆ
ಸುತ್ತಿಗೆ ಕೈಗೆಟಕುವಲ್ಲೇ ಇದ್ದರೂ.
ಎತೆರಿ ಅತ್ತೆ ದಾಳಿಂಬೆ ಬಿಡಿಸುತ್ತ ಮೊಣಕೈವರೆಗೂ ಕೆಂಪಾಗಿದ್ದಾಳೆ.
ನನ್ನ ಪಾಲಿಗೆ ಬೇಯಿಸಿದ ಪಾಲಕ್, ಹಿಂಡಬೇಕು,
ಇನ್ನೇನು ನೀರಿಲ್ಲ ಅನ್ನಿಸಿದ ಮೇಲೆ ಇನ್ನೂ ಮೂರು ಸಲ.
ಉಚಾ ಪಕ್ಕದ ಮನೆಗಳಿಂದ ಕುರ್ಚಿ ಹೊತ್ತು ತಂದು
ಅಡಿಯಲ್ಲಿ ಸೀಮೆಸುಣ್ಣದಿಂದ ಅವರವರ ಹೆಸರು ಬರೆಯುತ್ತಿದ್ದಾನೆ.

ಯಾರ ಹೆಸರಲ್ಲಿ ಇಷ್ಟೆಲ್ಲವೋ ಅವಳು ಮಾತ್ರ ಇಲ್ಲ.
ನನಗೆ ಎಂಬತ್ತೆಂದು ಯಾರು ಹೇಳಿದ್ದು?
ಪಾಸ್‌ಪೋರ್ಟು ಸುಳ್ಳು, ಪಾದ್ರಿಯ ಪುಸ್ತಕ ಸುಳ್ಳು.
ಗ್ಲಾಸು ಎತ್ತಿ ನನ್ನ ಹೊಗಳಬೇಡಿ,
ಹೊಗಳಿಸಿಕೊಂಡವರೆಲ್ಲ ಮಾರನೇ ವರ್ಷ ಸತ್ತಿದ್ದಾರೆ
ಅಂತ ನಾಜಿಬ್ರೋಲಾ ಅಜ್ಜಿ ಬಾಗಿಲೆಳೆದುಕೊಂಡು ಇವತ್ತಿಗೆ ಎರಡು ದಿನ.
ರಾತ್ರಿ ಎಲ್ಲ ಮಲಗಿದ ಮೇಲೆ ಹೊರಬರುತ್ತಾಳೆ,
ಚೀಸಿಗೆ ಉಪ್ಪು ಸಾಲದೇನೋ ಎಂಬ ಅನುಮಾನಕ್ಕೆ.
ಬೆಳಿಗ್ಗೆ ಗಡ್ಡೆಯ ಮೂಲೆಯಲ್ಲಿ ಹಲ್ಲಿನ ಗುರುತು.

ಮಧ್ಯಾಹ್ನ ಅಪ್ಪ ಟೇಪು ಹಿಡಿದು ಮನೆಯೆಲ್ಲ ಸುತ್ತಿದ.
ಬಚ್ಚಲ ಬಾಗಿಲು ಕಿತ್ತರೆ ಮಾನ ಹೋಗುತ್ತದೆ.
ಮುಂಬಾಗಿಲು ಕಬ್ಬಿಣ. ಬಾಲ್ಕನಿಯದು ಗಾಜು.
ಉಳಿದದ್ದು ಒಂದೇ. ಎಲ್ಲರೂ ಅದನ್ನೇ ನೋಡಿದೆವು.
ಒಲೆಯ ಮೇಲೆ ಕೋಳಿ ಕುದಿಯುತ್ತಿತ್ತು.

ಕೊನೆಗೆ ಉಚಾನೇ ತಟ್ಟಿದ.
ಅಜ್ಜೀ, ನಿನ್ನ ಬಾಗಿಲು ಬೇಕಿತ್ತು.
ಬಹಳ ಹೊತ್ತು ಏನೂ ಇಲ್ಲ.
ಯಾತಕ್ಕೆ?
ಊಟಕ್ಕೆ.
ಮತ್ತೆ ಏನೂ ಇಲ್ಲ. ಆಮೇಲೆ:
ಕೆಳಗಿನ ಕೀಲು ತುಕ್ಕು ಹಿಡಿದಿದೆ, ಮೊದಲು ಎಣ್ಣೆ ಬಿಡು.
ನಿಮ್ಮಜ್ಜ ಕೂರಿಸಿದ್ದು. ಆ ಮನುಷ್ಯ
ಯಾವುದನ್ನೂ ನೆಟ್ಟಗೆ ಕೂರಿಸಿದವನಲ್ಲ.

ಅಪ್ಪ ಮೇಲೆ, ಉಚಾ ಕೆಳಗೆ, ನಾನು ಹಿಡಿಕೆಗೆ.
ಒಂದು, ಎರಡು, ಎತ್ತು. ಬಾಗಿಲು ಬಂತು.
ಅದು ಹೋದ ಜಾಗದಲ್ಲಿ ಅಜ್ಜಿ:
ಮಂಚದಂಚಿಗೆ, ನೀಲಿ ಉಡುಪು ತೊಟ್ಟು, ಕಾಲುಚೀಲ ಏರಿಸಿ,
ಕಿವಿಗೆ ಕೆಂಪು ಹರಳಿನ ಓಲೆ ಹಾಕಿ
ಬಸ್ಸಿಗೆ ಕಾದು ಕೂತವಳ ಹಾಗೆ.

ನೋಡಿಯೂ ನೋಡದವರಂತೆ ನಾವು
ಬಾಗಿಲನ್ನು ಅಡ್ಡ ಹೊತ್ತು ನಡೆದೆವು.

ಎರಡು ಪೀಪಾಯಿಗಳ ಮೇಲೆ ಅದು ಮಲಗಿತು.
ಒಂದು ದಾಳಿಂಬೆ ಕಾಳು ಕಿಟಕಿಯ ತುದಿಯಿಂದ ಹೊರಟು
ಯಾರೂ ತಳ್ಳದೆ ಗೋಡೆಯ ತುದಿ ಸೇರಿತು.
ಬಿಳಿ ಬಟ್ಟೆ ಹಾಸಿದರೆ ಹಿಡಿಕೆ ಉಬ್ಬಿಕೊಂಡಿತು.
ಬಿಚ್ಚಲು ಸ್ಕ್ರೂಡ್ರೈವರ್ ಸಿಗಲಿಲ್ಲ.
ಅಲ್ಲಿ ಗುರಾಮ್ ಮಾವನ ನಾದಿನಿ ಕೂರಲಿ, ಅಂದಳು ಅಮ್ಮ.

ಅಷ್ಟರಲ್ಲಿ ಹಿಂದಿನಿಂದ ಒಂದು ಬೆರಳು ಬಂದು
ಅಕ್ರೋಟದ ಗೊಜ್ಜಿಗೆ ಇಳಿಯಿತು. ನಾಲಿಗೆಗೆ ಹೋಯಿತು.
ಇದೇನು, ರಸ್ತೆಗೆ ಹಾಕುವ ಜಲ್ಲಿಯೋ?
ಅಜ್ಜಿ ಅಪ್ಪನನ್ನು ಸೊಂಟದಿಂದಲೇ ಸರಿಸಿ
ರುಬ್ಬುವ ಯಂತ್ರದ ಹಿಡಿ ಹಿಡಿದಳು. ನೀಲಿ ತೋಳು ಮಡಿಸಿದಳು.
ಬೆಳ್ಳುಳ್ಳಿ ಕೊಡು. ಚೆಂಡುಹೂವಿನ ಪುಡಿ ಎಲ್ಲಿ? ಇಷ್ಟೇನಾ?
ನಾಲ್ಕು ಗಂಟೆಯವರೆಗೆ ಮನೆಯಲ್ಲಿ ಅವಳದೇ ದನಿ.
ಅತ್ತೆ ಎರಡು ಸಲ ಅತ್ತಳು, ಒಂದು ಸಲ ಈರುಳ್ಳಿಗೆ.

ಕರೆಗಂಟೆ ಹೊಡೆಯಿತು.
ಅಜ್ಜಿ ದಡಬಡ ಕೋಣೆಗೆ ಹೋಗಿ
ತಿರುಗಿ ನೋಡದೆ ಹಿಂದಕ್ಕೆ ಕೈ ಚಾಚಿ
ಬಾಗಿಲೆಳೆದಳು.
ಕೈ ತುಂಬ ಗಾಳಿ.

ಒಂದು ಗಳಿಗೆ ಹಾಗೇ ನಿಂತಳು.
ಆಮೇಲೆ ಅದೇ ಕೈ ಮೇಲೆತ್ತಿ
ಕೆದರಿರದ ತಲೆಗೂದಲು ಸರಿಮಾಡಿಕೊಂಡಳು.